ಹೊರಗೆ ಕಳುಹಿಸುವ ಮುನ್ನ

ಗೋವಿಂದರಾಜನಗರವನ್ನು ದಾಟಿ ವಾಯವ್ಯ ದಿಕ್ಕಿಗೆ ಹೊರಟರೆ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪ ಸಿಗುತ್ತದೆ. ಅಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡವನ್ನು, ದೇಶದಿಂದ ಹೊರಕ್ಕೆ ಕಳುಹಿಸಬೇಕಾದ ವಿದೇಶೀಯರನ್ನು ಇರಿಸುವ ಕೇಂದ್ರವಾಗಿ ೨೦೧೯ರ ಸುಮಾರಿಗೆ ಮಾರ್ಪಡಿಸಿದರು. ದೂರದ ಗಡಿಯ ಪ್ರಶ್ನೆ ಹೀಗೆ ನಮ್ಮ ನೆರೆಗೇ ಬಂದಿದೆ.

ಅನುಮತಿಯಿಲ್ಲದೆ ನೆಲೆಸಿದವರನ್ನು ಹೊರಗೆ ಕಳುಹಿಸುವ ಅಧಿಕಾರ ಸರ್ಕಾರಕ್ಕೆ ಉಂಟೆ? ಉಂಟು, ಅದರಲ್ಲಿ ಎರಡು ಮಾತಿಲ್ಲ. ಹಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಮೊಕದ್ದಮೆಯಲ್ಲಿ, ೧೯೫೫ರಲ್ಲಿ, ಸುಪ್ರೀಂ ಕೋರ್ಟು ಈ ಅಧಿಕಾರ ಅಬಾಧಿತವಾದುದೆಂದೇ ಹೇಳಿತು. ಆದರೆ ನಮ್ಮ ಸಂವಿಧಾನದ ೨೧ನೆಯ ಅನುಚ್ಛೇದವು ಜೀವಕ್ಕೂ ಸ್ವಾತಂತ್ರ್ಯಕ್ಕೂ ರಕ್ಷಣೆ ಕೊಡುವಾಗ ಬಳಸುವ ಮಾತು 'ವ್ಯಕ್ತಿ' ಎಂದು. ಪೌರರಲ್ಲದವರಿಗೂ ಆ ರಕ್ಷಣೆ ಸಲ್ಲುವುದೆಂದು ೧೯೯೬ರಲ್ಲಿ, ಅರುಣಾಚಲ ಪ್ರದೇಶದ ಚಕ್ಮಾ ಜನರ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ತೀರ್ಪಿತ್ತಿತು.

ಹಾಗಾದರೆ ಕಷ್ಟವಿರುವುದೆಲ್ಲಿ? ಯಾರು ಹೊರಗಿನವರೆಂದು ಗುರುತಿಸುವುದರಲ್ಲಿ. ೨೦೨೦ರ ಜನವರಿಯಲ್ಲಿ, ಬೆಂಗಳೂರಿನ ಪೂರ್ವ ಭಾಗದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರು ಅಕ್ರಮವಾಗಿ ನೆಲೆಸಿದ್ದಾರೆಂದು ಹೇಳಿ ಗುಡಿಸಲುಗಳನ್ನು ಕೆಡವಲಾಯಿತು. ನೆಲೆ ತಪ್ಪಿದವರಲ್ಲಿ ಅಸ್ಸಾಂ, ತ್ರಿಪುರಗಳಿಂದ ಬಂದ ಕೂಲಿಗಾರರಿದ್ದರು. ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕೊನೆಗೆ ಹೈಕೋರ್ಟು ಮಧ್ಯೆ ಪ್ರವೇಶಿಸಿ, ಕೆಡವುವ ಅಧಿಕಾರ ಎಲ್ಲಿಂದ ಬಂದಿತೆಂದು ಕೇಳಬೇಕಾಯಿತು.

ಎದುರು ವಾದವೂ ಉಂಟು. ಪ್ರತಿಯೊಬ್ಬನಿಗೂ ದೀರ್ಘ ವಿಚಾರಣೆ ಎಂದರೆ ಕಾನೂನು ಕಾಗದದ ಮೇಲೆಯೇ ಉಳಿದೀತು. ನಕಲಿ ಚೀಟಿಗಳು ಸಿಗುವುದೂ ಸುಳ್ಳಲ್ಲ. ಆದುದರಿಂದಲೇ ೧೯೪೬ರ ವಿದೇಶೀಯರ ಕಾಯಿದೆಯು, ತಾನು ವಿದೇಶೀಯನಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು ಶಂಕೆಗೊಳಗಾದವನ ಮೇಲೆಯೇ ಹೊರಿಸಿತ್ತು. ಅದರ ಸ್ಥಾನದಲ್ಲಿ ೨೦೨೫ರಲ್ಲಿ ಬಂದ ಹೊಸ ಕಾಯಿದೆಯೂ ಆ ಹೊಣೆಯನ್ನು ಕದಲಿಸಿಲ್ಲ.

ಈ ವಾದದಲ್ಲಿ ತಿರುಳಿಲ್ಲದಿಲ್ಲ. ಆದರೆ ಹೊಣೆ ಹೊರಿಸಿದ ಮೇಲೆ ಅದನ್ನು ಹೊರಲು ಅವಕಾಶವನ್ನೂ ಕೊಡಬೇಕಲ್ಲವೆ? ನೋಟೀಸು ಕೈಸೇರಬೇಕು, ಅದು ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು, ಊರಿನಿಂದ ದಾಖಲೆ ತರಿಸಲು ನಾಲ್ಕು ದಿನ ಬೇಕು, ವಕೀಲರ ನೆರವು ಬೇಕು. ಆಡುವ ಮಾತನ್ನೂ ಉಡುವ ಲುಂಗಿಯನ್ನೂ ಸಾಕ್ಷ್ಯವೆಂದು ಎಣಿಸಬಾರದು.

ತಾವು ಒಮ್ಮೆ ತಮ್ಮ ಮನೆಯ ಬೀರುವನ್ನೇ ತೆರೆದು ನೋಡಿ. ತಂದೆಯವರ ಜನನ ಪತ್ರ ಇದೆಯೆ? ಇರುವ ಕಾಗದಗಳಲ್ಲೆಲ್ಲ ಹೆಸರು ಒಂದೇ ತೆರನಾಗಿ ಬರೆದಿದೆಯೆ? ಬೀರು ಉಳ್ಳವರಿಗೇ ಇದು ತೊಡಕಾದರೆ, ಟಾರ್ಪಾಲಿನಡಿ ಮಲಗುವವನ ಪಾಡೇನು?

ಹೊರಗಿನವನೆಂದು ಕ್ರಮವಾಗಿ ನಿರ್ಣಯವಾದವನನ್ನು ಸರ್ಕಾರ ಕಳುಹಿಸಲಿ. ಆ ನಿರ್ಣಯಕ್ಕೆ ತಗಲುವ ಕಾಲವು ವ್ಯರ್ಥವೆಂದು ಮಾತ್ರ ಭಾವಿಸಬೇಡಿ. ತಪ್ಪಾಗಿ ವಿದೇಶೀಯನೆನಿಸಿಕೊಂಡ ನಮ್ಮ ದೇಶದವನಿಗೆ ಇರುವ ಆಸರೆ ಅದೊಂದೇ.