ಮರಳಿ ಕರೆಯುವ ಧರ್ಮ

ಗಾಳಿಮಳೆಗೆ ತಂತಿ ಹರಿದಾಗ ನಮ್ಮ ಅಳ್ನಾವರದಲ್ಲಿ ಲೈನ್‌ಮನ್ನರು ಕಂಬವೇರುವುದನ್ನು ಕಾಣುತ್ತೇವೆ. ಇದೇ ಕೆಲಸಕ್ಕೆ ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಲಾರಿಗಳೂ ಉಂಟು. ಕೆಳಗೆ ಲಾರಿಗೇ ಬೆಂಕಿ ಹತ್ತಿದರೆ ಮೇಲಿದ್ದವನು ಇಳಿಯುವುದೆಂತು? ಆದುದರಿಂದ ದೋಷ ಕಂಡೊಡನೆ ಗಾಡಿಯನ್ನು ಮರಳಿ ಕರೆಸಿ ಸರಿಪಡಿಸುವುದು ತಯಾರಕರ ಧರ್ಮ.

ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 110ಎ ಕಲಮು, ಚಾಲಕರಿಗೂ ದಾರಿಹೋಕರಿಗೂ ಕೇಡು ತರಬಲ್ಲ ಗಾಡಿಗಳನ್ನು ಹೀಗೆ ಮರಳಿ ಕರೆಸುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ನಮ್ಮ ನಾಡಿನಲ್ಲೇ ನಿದರ್ಶನವುಂಟು: 2022ರಲ್ಲಿ ಪುಣೆಯಲ್ಲಿ ಸ್ಕೂಟರೊಂದು ಹೊತ್ತಿ ಉರಿದ ಬಳಿಕ, ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿಯು 1,441 ಸ್ಕೂಟರುಗಳನ್ನು ತಾನಾಗಿಯೇ ಮರಳಿ ಕರೆಸಿತು.

ಕರೆದವರಿಗೆ ಇದು ಅಪಮಾನವಲ್ಲ. ಕರೆ ಬಂದವರು ‘ನಾಳೆ ನೋಡೋಣ’ ಎನ್ನಬಾರದು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಮೇಲಿದ್ದವನ ಜೀವ ಮರಳೀತೇ?