ಕಲಿಯಲಾರದ ಮಗು ಸೋಮಾರಿಯಲ್ಲ

(ಉಳ್ಳಾಲದಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಪ್ರಾವಿಡೆಂಟ್ ಫಂಡು ಇವುಗಳ ಮಾತನ್ನು ನಾವು ಎಷ್ಟೋ ಸಲ ಆಡಿದ್ದೇವೆ. ಇಂದು ಆಡಬೇಕಾದುದು ಮಕ್ಕಳ ಮಾತು. ಶಾಲೆ ಸೇರಿ ನಾಲ್ಕು ವರ್ಷವಾದರೂ ಒಂದು ಸಾಲು ಓದಲಾರದ ಮಗು, ಒಂದು ಗಳಿಗೆ ಒಂದೆಡೆ ಕೂರಲಾರದ ಮಗು. ಅಂತಹ ಮಗುವನ್ನು ಕಾಣದವರು ನಮ್ಮಲ್ಲಿ ಕಡಿಮೆ.

"ಇವನ ತಲೆಗೆ ವಿದ್ಯೆ ಹತ್ತುವುದಿಲ್ಲ" ಎಂದು ಯಾರೋ ಹೇಳುತ್ತಾರೆ. ತಂದೆ ಬೆತ್ತ ತೆಗೆಯುತ್ತಾನೆ. ಬೆತ್ತದಿಂದಲೂ ಆಗದಾಗ ಹುಡುಗನನ್ನು ಶಾಲೆ ಬಿಡಿಸಿ ದಕ್ಕೆಗೋ ಅಂಗಡಿಗೋ ಕಳಿಸುವ, ಹುಡುಗಿಯನ್ನು ಬೀಡಿಯ ತಡ್ಪೆಯ ಮುಂದೆ ಕೂರಿಸುವ ಯೋಚನೆ ಬರುತ್ತದೆ. ಉಳ್ಳವರ ಮಗ ಓದದಿದ್ದರೆ ಅವನಿಗೆ ಮನೆಪಾಠ, ವೈದ್ಯರು, ಬೇರೊಂದು ಶಾಲೆ. ದುಡಿಯುವವರ ಮಗ ಓದದಿದ್ದರೆ ಅವನಿಗೆ ಹಣೆಬರಹ! ಈ ಭೇದವನ್ನು ನಾವು ಒಪ್ಪುವುದಿಲ್ಲ.

ಹಿಂದೆ ಕೆಲವು ಜಾತಿಗಳಿಗೆ ಜಾತಿಗಳನ್ನೇ ಹೀಗೆ ವಿದ್ಯೆಯಿಂದ ಹೊರಗಿಟ್ಟಿದ್ದರು. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತರ ಮಕ್ಕಳಿಗೆ ಶಾಲೆ ತೆರೆದರು. ಬಾಗಿಲು ತೆರೆದ ಮೇಲೆ ಆ ಮಕ್ಕಳೂ ಕಲಿತರು. ಕೊರತೆ ಮಕ್ಕಳಲ್ಲಿ ಇರಲಿಲ್ಲ, ಬಾಗಿಲಿನಲ್ಲಿ ಇತ್ತು. ಇಂದು ಹಿಂದುಳಿದ ಒಂದೊಂದು ಮಗುವಿನ ಮುಂದೆಯೂ ಯಾವ ಬಾಗಿಲು ಮುಚ್ಚಿದೆ ಎಂದು ನೋಡಬೇಕು.

ಮೊದಲು ಕಣ್ಣು, ಕಿವಿ. ಕರಿಹಲಗೆ ಕಾಣದ ಮಗು ಏನನ್ನು ಓದೀತು? ಪದೇ ಪದೇ ಕಿವಿ ಸೋರುವ ಮಗುವಿಗೆ ಮಾಸ್ತರರ ಮಾತು ಅರ್ಧ ಮಾತ್ರ ಕೇಳಿಸಬಹುದು. ರಕ್ತಹೀನತೆಯ ಮಗುವಿಗೆ, ಬರಿಹೊಟ್ಟೆಯಲ್ಲಿ ಬಂದ ಮಗುವಿಗೆ ಗಮನ ನಿಲ್ಲುವುದಿಲ್ಲ. ಪಾಠದ ನಡುವೆ ಕೆಲವು ಕ್ಷಣ ಕಣ್ಣು ನೆಟ್ಟು, ಕರೆದರೂ ಓಗೊಡದ ಮಗುವಿಗೆ ಒಂದು ಬಗೆಯ ಅಪಸ್ಮಾರ ಇರಲೂಬಹುದು. ಇವಕ್ಕೆಲ್ಲ ಮದ್ದುಂಟು, ಕನ್ನಡಕವುಂಟು. ಬೆತ್ತ ಇವುಗಳಲ್ಲಿ ಯಾವುದಕ್ಕೂ ಮದ್ದಲ್ಲ.

ಎರಡನೆಯದು ಭಾಷೆ. ನಮ್ಮ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ. ಪುಸ್ತಕದಲ್ಲಿ ಕನ್ನಡ ಅಥವಾ ಇಂಗ್ಲಿಷು. ತಿಳಿಯದ ಭಾಷೆಯ ಮುಂದೆ ಮೌನವಾಗಿ ಕುಳಿತ ಮಗು ದಡ್ಡನಲ್ಲ. ಮನೆಮಾತಿನಲ್ಲಿ ಕಥೆ ಹೇಳಬಲ್ಲದೇ, ಹೇಳಿದ ಕೆಲಸ ತಿಳಿಯಬಲ್ಲದೇ ಎಂದು ಮೊದಲು ನೋಡಿರಿ.

ಇವೆಲ್ಲ ಸರಿಯಿದ್ದೂ ಅಕ್ಷರ ಮಾತ್ರ ಹಿಡಿತಕ್ಕೆ ಬಾರದ ಮಕ್ಕಳುಂಟು. ಇದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು 14 ವರ್ಷದ ಒಬ್ಬ ಹುಡುಗನ ವಿಷಯ ಬರೆದರು. ಹುಡುಗ ಚುರುಕು, ಆಟದಲ್ಲಿ ಹಿಂದಲ್ಲ, ದೊಡ್ಡ ಗುಣಾಕಾರವನ್ನೂ ಮಾಡಬಲ್ಲ. ಆದರೆ 'ಪರ್ಸಿ' ಎಂಬ ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಜಾಣ ಎಂಬುದು ಅವನ ಅಧ್ಯಾಪಕರ ಅಭಿಪ್ರಾಯವಾಗಿತ್ತು. ನಮ್ಮ ಮಕ್ಕಳಲ್ಲಿಯೂ ಇದೇ. 'ಮ'ಕ್ಕೆ 'ವ' ಓದುತ್ತದೆ, ಒತ್ತು ಬಿಟ್ಟು 'ಅಕ್ಕ'ನನ್ನು 'ಅಕ' ಎಂದು ಬರೆಯುತ್ತದೆ, ದೀರ್ಘ ಮರೆಯುತ್ತದೆ. ಒಂದನೆಯ ಎರಡನೆಯ ತರಗತಿಯಲ್ಲಿ ಇದು ಎಲ್ಲ ಮಕ್ಕಳಲ್ಲಿಯೂ ಉಂಟು. ಮೂರು ನಾಲ್ಕಕ್ಕೆ ಬಂದರೂ ಬಿಡದಿದ್ದರೆ ತೋರಿಸಬೇಕು. ಇನ್ನು ಕೆಲವರಿಗೆ ಓದು ಬಂದರೂ ಲೆಕ್ಕ ಬಾರದು.

ಕೂರಲಾರದ ಮಗುವಿನ ವಿಷಯ ಬೇರೆ. ಸರತಿಗೆ ಕಾಯಲಾರದು, ಹಿಡಿದ ಕೆಲಸ ಮುಗಿಸಲಾರದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತದೆ. ಮನೆ, ಶಾಲೆ ಎರಡು ಕಡೆಯೂ ಬಹುಕಾಲ ಹೀಗೇ ಇದ್ದರೆ ಅದು ಎ.ಡಿ.ಎಚ್.ಡಿ. ಎಂಬ ತೊಂದರೆ ಇರಬಹುದು. ಇದು ತಾಯಿಯ ಸಲುಗೆಯಿಂದ ಬಂದ ಕೆಡುಕಲ್ಲ. ಆದರೆ ನಿನ್ನೆಯವರೆಗೆ ಸರಿಯಿದ್ದ ಮಗು ಇದ್ದಕ್ಕಿದ್ದಂತೆ ಹಟಮಾರಿಯಾದರೆ ಕಾರಣ ಬೇರೆ ಹುಡುಕಬೇಕು. ಮನೆಯಲ್ಲಿ ಕುಡಿತವೇ, ಶಾಲೆಯಲ್ಲಿ ಹೆದರಿಕೆಯೇ, ಯಾರಾದರೂ ಹಿಂಸಿಸುತ್ತಿದ್ದಾರೆಯೇ?

ನಾವೇನು ಮಾಡಬಹುದು? ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ. ಒಂದು ಗಂಟೆ ಕೂರಿಸುವ ಬದಲು ಹತ್ತು ಹತ್ತು ನಿಮಿಷ ಓದಿಸಿ, ನಡುವೆ ಓಡಾಡಲು ಬಿಡಿರಿ. ಸರಿಮಾಡಿದ ಕೂಡಲೇ ಒಂದು ಒಳ್ಳೆಯ ಮಾತು ಹೇಳಿರಿ. ನಮ್ಮ ಹಿರಿಯರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಉಳ್ಳಾಲದವರಿಗೆ ಮರಳಿಗೆ ಬರವೇ? ಕಣ್ಣು ನೋಡಬೇಕು, ಬಾಯಿ ಹೇಳಬೇಕು, ಬೆರಳು ತಿದ್ದಬೇಕು. ಹೀಗೆ ಕಲಿಸಿದರೆ ಈ ಮಕ್ಕಳಿಗೆ ಅಕ್ಷರ ನಿಲ್ಲುವುದು ಸುಲಭ. ಅಂಗಡಿಯವರೇ, ಪುಸ್ತಕದ ಲೆಕ್ಕ ತಪ್ಪುವ ಮಗುವಿನ ಕೈಗೆ ಚಿಲ್ಲರೆ ಕೊಟ್ಟು ನೋಡಿರಿ. ಅಲ್ಲಿಂದಲೇ ಲೆಕ್ಕ ಮೊದಲಾಗಲಿ. ಹಾಗೆಂದು ಶಾಲೆಯ ಹೊತ್ತಿಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಬೇಡಿರಿ!

ಇದು ಯಾರ ದಯೆಯೂ ಅಲ್ಲ, ಹಕ್ಕು. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 1995ರ ಅಂಗವಿಕಲರ ಕಾಯಿದೆಯಲ್ಲಿ ಕಲಿಕೆಯ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯಿದೆ ಅದನ್ನೂ ಆಟಿಸಮ್ಮನ್ನೂ ಸೇರಿಸಿ 21 ಬಗೆಗಳನ್ನು ಹೆಸರಿಸಿತು. ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು, ಬರೆಯಲು ಬೇರೊಬ್ಬರ ನೆರವು ಸಿಗುತ್ತದೆ. ನ್ಯೂನತೆ ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರವಾದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕುಂಟು.

ಎಲ್ಲಿ ತೋರಿಸಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬ ಏರ್ಪಾಟುಂಟು. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳಿಸಿರಿ. ಮಂಗಳೂರಿನಲ್ಲಿ ವೆನ್ಲಾಕ್ ಸರಕಾರಿ ಆಸ್ಪತ್ರೆಯುಂಟು, ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳುಂಟು. ಮಾತಿನ, ಕಿವಿಯ ತೊಂದರೆಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆಯುಂಟು, ಬೆಂಗಳೂರಿನಲ್ಲಿ ಮಕ್ಕಳ ಮನಸ್ಸಿನ ವೈದ್ಯಕ್ಕೆ ನಿಮ್ಹಾನ್ಸ್ ಉಂಟು. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂತಹ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರ ಹುದ್ದೆಯುಂಟು. ಕೇಳಿದವರಿಗೆ ಸಿಗುತ್ತದೆ, ಕೇಳದವರ ಪಾಲು ಕಾಗದದಲ್ಲೇ ಉಳಿಯುತ್ತದೆ.

ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಇದು ಒಬ್ಬೊಬ್ಬ ತಂದೆಯ ಕೆಲಸವಲ್ಲ, ಸಂಘದ ಕೆಲಸ. ಒಬ್ಬರು ನಾಲ್ಕು ಮಕ್ಕಳನ್ನು ಕರೆದೊಯ್ಯಲಿ, ಉಳಿದವರು ಅವರ ಪಾಳಿ ನೋಡಿಕೊಳ್ಳಲಿ. ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ, ಸಂಪನ್ಮೂಲ ಶಿಕ್ಷಕರು ನಮ್ಮ ಶಾಲೆಗೆ ಯಾವ ದಿನ ಬರುತ್ತಾರೆ ಎಂದು ಕೇಳಿರಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಬಂಧುಗಳೇ, ಮಿಲ್ಲಿನಲ್ಲಿ ಯಂತ್ರ ನಿಂತರೆ ಅದನ್ನು ಕಡಲಿಗೆ ಎಸೆಯುತ್ತೇವೆಯೇ? ಎಲ್ಲಿ ಸಿಕ್ಕಿಕೊಂಡಿದೆ ಎಂದು ಬಿಚ್ಚಿ ನೋಡುತ್ತೇವೆ. ಯಂತ್ರಕ್ಕೆ ತೋರುವ ತಾಳ್ಮೆಯನ್ನು ನಮ್ಮ ಮಗುವಿಗೂ ತೋರೋಣ. ಈ ವರ್ಷ ನಮ್ಮ ಕೇರಿಯ ಒಂದು ಮಗುವೂ "ವಿದ್ಯೆ ಹತ್ತಲಿಲ್ಲ" ಎಂಬ ಕಾರಣಕ್ಕೆ ಶಾಲೆ ಬಿಡಬಾರದು. ಇಷ್ಟನ್ನು ನಿಶ್ಚಯಿಸಿಕೊಂಡು ಮನೆಗೆ ಹೋಗೋಣ.