ದೀಪಗಳು ಆಡುವ ಮಾತು



ಅಫಜಲಪುರ ತಾಲೂಕಿನ ಕರಜಗಿಯಂಥ ಊರಿನಲ್ಲಿ ಮನೆಯೊಳಗೆ ಸಾವು ಸಂಭವಿಸಿದರೆ, ದೇಹವಿದ್ದ ಎಡೆಯಲ್ಲಿ ಹಣತೆಯೊಂದನ್ನು ಹಚ್ಚಿಡುವುದುಂಟು. ಮನೆಮಂದಿ ಮಲಗಿದ ಮೇಲೂ ಅದು ಎಚ್ಚರವಾಗಿರುತ್ತದೆ. ಆ ದೀಪಕ್ಕೆ ಬಾಯಿ ಬಂದರೆ ಏನು ಹೇಳೀತು? ದೀಪಕ್ಕೆ ನಿಜವಾಗಿಯೂ ಬಾಯಿ ಕೊಟ್ಟ ಕಾದಂಬರಿಯೊಂದು ಕನ್ನಡದಲ್ಲಿದೆ. ಅದು ದೇವನೂರ ಮಹಾದೇವರ ‘ಕುಸುಮಬಾಲೆ’.

ಮೇಲುಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕ ಚನ್ನ ಕೊಲೆಯಾಗುತ್ತಾನೆ. ಒಂದು ಮನೆ ಮಗನನ್ನು ಕಳೆದುಕೊಂಡಿತು. ಇನ್ನೊಂದು ಮನೆ ಮಾನದ ಹೆಸರಿನಲ್ಲಿ ಬಾಯಿ ಮುಚ್ಚಿಕೊಂಡಿತು. ಮನುಷ್ಯರು ಆಡಲಾರದ್ದನ್ನು ಇಲ್ಲಿ ಜೋತಮ್ಮಂದಿರು, ಅಂದರೆ ಮನೆಮನೆಯ ದೀಪಗಳು, ಇರುಳಲ್ಲಿ ಒಂದೆಡೆ ಕೂಡಿ ಆಡಿಕೊಳ್ಳುತ್ತವೆ. ಮಂಚವೂ ಮಾತಾಡುತ್ತದೆ.

ಇದನ್ನು ಮಾಂತ್ರಿಕ ವಾಸ್ತವತೆಯೆಂದು ಕರೆದು, 1967ರಲ್ಲಿ ಪ್ರಕಟವಾದ ಮಾರ್ಕ್ವೆಜ್‌ರ ‘ನೂರು ವರ್ಷಗಳ ಏಕಾಂತ’ದ ಪಕ್ಕದಲ್ಲಿ ಇರಿಸುವವರಿದ್ದಾರೆ. ಹೋಲಿಕೆ ತಪ್ಪಲ್ಲ. ಆದರೆ ಈ ದೀಪಗಳು ಕಡಲಾಚೆಯಿಂದ ಬಂದವಲ್ಲ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಯೊಂದರಲ್ಲಿ, ಹೆಂಡತಿ ಯಾರಿಗೂ ಹೇಳದ ಕತೆ ಪಾದರಕ್ಷೆಯಾಗಿ, ಹಾಡದ ಹಾಡು ಅಂಗಿಯಾಗಿ ಬಾಗಿಲಲ್ಲಿ ಕಾಣಿಸಿಕೊಂಡು ಗಂಡನಲ್ಲಿ ಸಂಶಯ ಹುಟ್ಟಿಸುತ್ತವೆ. ಅವನಿಗೆ ನಿಜ ತಿಳಿಯುವುದು ಹನುಮಂತನ ಗುಡಿಯಲ್ಲಿ ಸೇರಿದ ದೀಪಗಳ ಹರಟೆಯಿಂದ. ಅವನು ಮನೆಗೆ ಮರಳಿ ಕೇಳಿದಾಗ ಹೆಂಡತಿ ಆ ಕತೆಯನ್ನೂ ಹಾಡನ್ನೂ ಮರೆತಿರುತ್ತಾಳೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿಯೂ ಇವೇ ಜ್ಯೋತಿಗಳಿವೆ.

ದುಃಖದ ವಿಚಾರವಾಗಿ ನಮ್ಮ ಹಿರಿಯರು ಕಂಡುಕೊಂಡ ಸತ್ಯವಿದು. ಒಳಗೆ ಕೂಡಿಟ್ಟ ನೋವು ವೇಷ ಮರೆಸಿಕೊಂಡು ಬಂದು ಮನೆಯನ್ನು ಒಡೆಯುತ್ತದೆ. ತಡವಾದರೆ ಹೇಳಬೇಕಾದ ಮಾತೇ ಮರೆತುಹೋಗುತ್ತದೆ. ‘ಕುಸುಮಬಾಲೆ’ ಸುಲಭದ ಸಾಂತ್ವನ ನೀಡುವುದಿಲ್ಲ. ಸತ್ತವನು ಮರಳಿ ಬರುವುದಿಲ್ಲ. ಆದರೆ ಆದದ್ದು ಆಯಿತೆಂದು ಒಬ್ಬರು ಬಾಯಿಬಿಟ್ಟು ಹೇಳಿ, ಇನ್ನೊಬ್ಬರು ಕೇಳುವುದೇ ಗಾಯ ಮಾಯುವುದಕ್ಕೆ ಮೊದಲು. ಕೃತಿಯಲ್ಲಿ ಆ ಕೆಲಸವನ್ನು ದೀಪಗಳು ಮಾಡಬೇಕಾಗಿ ಬಂದದ್ದು ಮನುಷ್ಯರಿಗೆ ನಾಚಿಕೆ.

1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯ ನುಡಿ ನಂಜನಗೂಡು ಸೀಮೆಯದು. ಭೀಮೆಯ ದಂಡೆಯವರಿಗೆ ಮೊದಲ ಪುಟಗಳು ತೊಡಕೆನಿಸಬಹುದು. ಕಣ್ಣಿನಿಂದ ಓದದೆ, ನಾಲ್ಕು ಜನ ಕುಳಿತು ಗಟ್ಟಿಯಾಗಿ ಓದಿರಿ. ಕಿವಿಗೆ ಬಿದ್ದೊಡನೆ ಆ ನುಡಿ ನಮ್ಮದಾಗುತ್ತದೆ.

ಓದು ಮುಗಿದ ಮೇಲೆ, ದೀಪ ಶಾಂತ ಮಾಡುವ ಮುನ್ನ, ಮನೆಯವರ ಮುಖವನ್ನೊಮ್ಮೆ ನೋಡಿರಿ. ಹೇಳದೆ ಉಳಿದ ಮಾತೊಂದು ಅಲ್ಲಿ ಕಾದಿರಬಹುದು.